ಮುರಿಯದ ಎಡಗಾಲು

ನನ್ನ ಎಡಗಾಲು ಹುಟ್ಟಿದಾಗಿನಿಂದ ಇವತ್ತಿನವರೆಗೆ ಮುರಿದಿಲ್ಲ. ಉಳುಕಿದ್ದೂ ಇಲ್ಲ. ಆದರೆ ಹಾನಗಲ್ಲಿನ ಹತ್ತಿರ ಇರುವ ನನ್ನ ಗಂಡನ ಊರಿಗೆ ಹೋಗಿ ಕೇಳಿದರೆ, ಅದು ಎರಡು ಮಳೆಗಾಲ ಮುರಿದಿತ್ತೆಂದು ಆಣೆ ಮಾಡಿ ಹೇಳುವ ಹಿರಿಯರು ಈಗಲೂ ಸಿಗುತ್ತಾರೆ. ಎಲುಬು ಮುರಿದ ಸಪ್ಪಳವನ್ನು ಕಿವಿಯಾರೆ ಕೇಳಿದವರೂ ಇದ್ದಾರೆ. ಆರಿದ್ರ ಮಳೆ ಹಿಡಿದ ಹೊತ್ತಿನಲ್ಲಿ ಅಲ್ಲಿಗೆ ಹೋದರೆ ಬಸ್ಸು ಇಳಿಯುತ್ತಿದ್ದಂತೆ ಯಾರಾದರೊಬ್ಬರು ತಡೆದು, "ಮಳಿ ಹತ್ತೇತಿ, ಕಾಲು ಜುಮುಜುಮು ಅಂತೈತೇನ ಯವ್ವಾ?" ಎಂದು ಕೇಳುತ್ತಾರೆ. "ಸ್ವಲ್ಪ ಅಂತೈತ್ರಿ" ಎಂದು ಹೇಳಿ ಮುಂದೆ ಹೋಗುತ್ತೇನೆ. ಅಷ್ಟು ಅಂತಃಕರಣದಿಂದ ಕೇಳುವವರಿಗೆ ನಿರಾಸೆ ಮಾಡಲು ನನಗೆ ಮನಸ್ಸು ಬರುವುದಿಲ್ಲ.

ಕಾಲಿಗೆ ಏನೂ ಆಗಿರಲಿಲ್ಲ. ಆದದ್ದೆಲ್ಲ ನನಗೆ.

ನನ್ನ ತವರು ಹಿರೇಕೆರೂರು ತಾಲ್ಲೂಕಿನಲ್ಲಿ, ಮಾಸೂರಿನ ಕಡೆ. ಅಲ್ಲಿ ಮಳೆ ಬರುತ್ತದೆ, ತನ್ನ ಕೆಲಸ ಮುಗಿಸುತ್ತದೆ, ಹೋಗುತ್ತದೆ. ಮಧ್ಯಾಹ್ನದ ಹೊತ್ತಿಗೆ ಬಿಸಿಲು ಬಿದ್ದು ಒಗೆದ ಸೀರೆ ಒಣಗಿರುತ್ತದೆ. ಎಪ್ಪತ್ತರ ದಶಕದ ನಡುವಿನಲ್ಲಿ ಮದುವೆಯಾಗಿ ಹಾನಗಲ್ಲಿನ ಸೀಮೆಗೆ ಬಂದೆ. ಇಲ್ಲಿನ ಮಳೆಗೆ ಹೋಗುವ ಅಭ್ಯಾಸವೇ ಇರಲಿಲ್ಲ. ಬಂದ ಬೀಗರು ಗೂಟಕ್ಕೆ ಅಂಗಿ ತೂಗುಹಾಕಿ ಕೂತಂತೆ ಕೂತುಬಿಡುತ್ತಿತ್ತು. ಜೋರಾಗಿ ಸುರಿದು ಹಗುರಾಗುವ ಮಳೆಯೂ ಅಲ್ಲ. ಜಿಟಿಜಿಟಿ, ಜಿಟಿಜಿಟಿ. ನಮ್ಮ ಹಂಚಿನ ಮನೆಯ ಅಡುಗೆಕೋಣೆಗೆ ಬೆಳಕು ಬರಲೆಂದು ಒಂದೇ ಒಂದು ಗಾಜಿನ ಹಂಚು ಇತ್ತು. ಪುಷ್ಯ ಮಳೆಯ ಹೊತ್ತಿಗೆ ಅದರ ಮೇಲೂ ಹಾವಸೆ ಬೆಳೆದು, ಹಗಲು ಹೊತ್ತಿನಲ್ಲೇ ಚಿಮಣಿ ಹಚ್ಚಿ ರೊಟ್ಟಿ ಬಡಿಯಬೇಕಾಗುತ್ತಿತ್ತು.

ಮದುವೆಯಾದ ಮೊದಲ ಮಳೆಗಾಲ ಆಷಾಢದ ನೆಪದಲ್ಲಿ ತವರಿನಲ್ಲಿ ಕಳೆಯಿತು. ಎರಡನೆಯದು ಬಾಣಂತನದ ನೆಪದಲ್ಲಿ. ಹೀಗಾಗಿ ಇಲ್ಲಿನ ಮಳೆಯ ನಿಜವಾದ ಪರಿಚಯ ಆಗಿದ್ದು ಮೂರನೆಯ ವರ್ಷ, ಮಗಳು ಅಂಬೆಗಾಲು ಬಿಟ್ಟು ಗೋಡೆ ಹಿಡಿದು ನಿಲ್ಲುತ್ತಿದ್ದಾಗ. ಆ ವರ್ಷ ನನಗೆ ಏನಾಯಿತೆಂದು ಹೇಳುವುದು ಆಗಲೂ ಕಷ್ಟವಿತ್ತು, ಈಗಲೂ ಕಷ್ಟ. ಬೆಳಿಗ್ಗೆ ಎಚ್ಚರವಾಗುತ್ತಿತ್ತು, ಏಳಲು ಆಗುತ್ತಿರಲಿಲ್ಲ. ಅನ್ನ ಬಾಯಿಗಿಟ್ಟರೆ ಒದ್ದೆ ಹಿಟ್ಟಿನಂತೆ ಅಂಟಿಕೊಳ್ಳುತ್ತಿತ್ತು. ಮಗಳು ಅತ್ತರೆ ಅದು ಓಣಿಯ ಆಚೆ ಯಾರದೋ ಮನೆಯಲ್ಲಿ ಅಳುವ ಕೂಸು ಅನ್ನಿಸುತ್ತಿತ್ತು. ತಲೆ ಬಾಚಿಕೊಳ್ಳುವುದು ಸಹ ಹೊಲ ಹರಗಿದಷ್ಟು ದೊಡ್ಡ ಕೆಲಸವಾಯಿತು. ಇದಕ್ಕೆ ನಾನು ಕೊಟ್ಟುಕೊಂಡ ಹೆಸರು ಸೋಮಾರಿತನ. ಈ ಒಂದು ವಿಷಯದಲ್ಲಿ ಊರಿಗೂ ನನಗೂ ಭಿನ್ನಾಭಿಪ್ರಾಯ ಇರಲಿಲ್ಲ.

ಅತ್ತೆ ಮೊದಲು ದೃಷ್ಟಿ ತೆಗೆದರು. ಆಮೇಲೆ ತಾಯತ ಬಂತು. ಆಮೇಲೆ ಓಣಿಯ ಹೆಂಗಸರು ಒಬ್ಬೊಬ್ಬರಾಗಿ ಬಂದು ಬಾಗಿಲಲ್ಲಿ ನಿಂತು, "ಧೈರ್ಯಾ ತಗೋಬೇಕವ್ವ" ಎಂದು ಹೇಳಿ ಹೋದರು. ಎಲ್ಲಿಂದ ತೆಗೆದುಕೊಳ್ಳಬೇಕು ಎಂಬುದನ್ನು ಮಾತ್ರ ಯಾರೂ ಹೇಳಲಿಲ್ಲ. ಹಾನಗಲ್ಲಿನ ಸಂತೆಯಲ್ಲಿ ಸಿಗುವಂತಿದ್ದರೆ ನಮ್ಮ ಮನೆಯವರು ಒಂದು ಚೀಲವನ್ನೇ ತಂದು ಇಳಿಸುತ್ತಿದ್ದರು. ಅವರು ಅಲ್ಲಿನ ಅಕ್ಕಿ ಗಿರಣಿಯಲ್ಲಿ ಕೆಲಸಕ್ಕಿದ್ದವರು, ತೂಕದ ವ್ಯವಹಾರ ಚೆನ್ನಾಗಿ ಗೊತ್ತಿತ್ತು.

ಹೆಂಗಸರು ಹೊರಗೆ ಹೋಗಿ ಆಡುತ್ತಿದ್ದ ಮಾತು ಬೇರೆ. ಗದ್ದೆಯಲ್ಲಿ ಕಳೆ ತೆಗೆಯುವ ಕಾಲದಲ್ಲಿ ಸೊಸೆ ಹಾಸಿಗೆ ಬಿಟ್ಟು ಏಳುವುದಿಲ್ಲವೆಂದರೆ ಎರಡೇ ಕಾರಣ: ಒಂದೋ ಸೊಸೆ ಮೈಗಳ್ಳಿ, ಇಲ್ಲವೋ ಅತ್ತೆ ಮಾರಿ. ಊರು ಎರಡನ್ನೂ ಸಮನಾಗಿ ಹಂಚಿಕೊಟ್ಟಿತು. ನಮ್ಮ ಅತ್ತೆ ಗಟ್ಟಿ ಬಾಯಿಯ ಹೆಂಗಸು. ಮಂದಿಯ ಮಾತಿಗೆ ಎದುರು ನಿಂತು ಜಗಳವಾಡಿ ಗೆದ್ದು ಬಂದು, ಮನೆಯೊಳಗೆ ಮುಖ ಸಣ್ಣದು ಮಾಡಿಕೊಂಡು ಒಲೆ ಊದುತ್ತಾ ಕೂರುತ್ತಿದ್ದರು.

ಒಂದು ಮುಂಜಾನೆ ಹಿತ್ತಲ ಬಾವಿಗೆ ನೀರಿಗೆ ಹೋದೆ. ಹೋದವಳು ಹಗ್ಗ ಬಿಡದೆ, ಕೊಡ ಕೆಳಗಿಟ್ಟು, ಕಟ್ಟೆಗೆ ಕೈಯೂರಿ ನಿಂತುಬಿಟ್ಟೆ. ಎಷ್ಟು ಹೊತ್ತೋ ಗೊತ್ತಿಲ್ಲ. ಸುಮ್ಮನೆ ನಿಂತಿದ್ದೆ ಎಂದು ಬಹಳ ವರ್ಷ ಹೇಳಿಕೊಂಡು ಬಂದಿದ್ದೇನೆ. ಸುಮ್ಮನೆ ನಿಂತಿರಲಿಲ್ಲ. ಕೆಳಗಿನ ನೀರು ಎಷ್ಟು ನಿಶ್ಚಿಂತೆಯಿಂದ ಇದೆ ಎಂದು ನೋಡುತ್ತಿದ್ದೆ. ಅತ್ತೆ ಹಿಂದಿನಿಂದ ಬಂದು ನನ್ನ ರಟ್ಟೆ ಹಿಡಿದರು.

"ಇಲ್ಲಿ ಜಾರತೈತಿ. ಕಾಲು ಜಾರಿದ್ರ?"

"ಜಾರಿದ್ರ ಜಾರ್ಲಿ ಬಿಡ್ರಿ ಅತ್ತಿ" ಎಂದೆ.

ಅವರು ನನ್ನನ್ನು ಒಳಗೆ ಕರೆದುಕೊಂಡು ಹೋಗಿ ಹಾಸಿಗೆಯ ಮೇಲೆ ಕೂರಿಸಿ, ಅಟ್ಟದಿಂದ ಬಿದಿರಿನ ದಬ್ಬೆಗಳನ್ನು ಇಳಿಸಿದರು. ಮಾವನವರ ಹಳೆಯ ಧೋತರವನ್ನು ಉದ್ದುದ್ದ ಹರಿದರು. ಅರಿಷಿಣ, ಎಣ್ಣೆ, ಉದ್ದಿನ ಹಿಟ್ಟು ಕಲಸಿ ನನ್ನ ಎಡಗಾಲಿಗೆ ಮೆತ್ತಿ, ಸುತ್ತ ದಬ್ಬೆ ಇಟ್ಟು, ಮೊಣಕಾಲಿನ ಮೇಲಿಂದ ಪಾದದವರೆಗೆ ಬಿಗಿದು ಕಟ್ಟಿದರು. ಹಿಂದೆ ಅವರು ಎಲುಬು ಕಟ್ಟಿದ್ದು ಒಂದೇ ಸಲ, ಅದೂ ಎಮ್ಮೆಯ ಕರುವಿಗೆ. ಆ ಕರು ಬದುಕಿ ಬಾಳಿತ್ತಾದ್ದರಿಂದ ನಾನು ತಕರಾರು ಮಾಡಲಿಲ್ಲ.

"ಒಗ್ಯಾಣದ ಕಲ್ಲಿನ ಮ್ಯಾಲೆ ಜಾರಿ ಬಿದ್ದೀ. ಕಾಲು ಮುರದೈತಿ. ಯಾರ ಕೇಳಿದ್ರೂ ಇಷ್ಟ ಹೇಳು" ಎಂದು ಕೊನೆಯ ಗಂಟು ಹಾಕಿ ಕೈ ಒರೆಸಿಕೊಂಡರು. ಮಂದಿಯ ಬಾಯಿ ಮುಚ್ಚಿಸಲು ಎಂಥ ಉಪಾಯ ಎಂದು ನನಗೆ ಆ ಮಂಕಿನಲ್ಲೂ ಅನ್ನಿಸಿತು.

ಮುಚ್ಚಿದ್ದಷ್ಟೇ ಅಲ್ಲ, ಬಾಯಿಗಳೆಲ್ಲ ಒಂದೇ ಸಲಕ್ಕೆ ಸಿಹಿಯಾದವು. ನಮ್ಮ ಕಡೆ ಬೇನೆ ಬಿದ್ದವರನ್ನು ಮಾತಾಡಿಸಲು ಹೋಗುವುದು ಒಂದು ಪದ್ಧತಿ, ಹೋಗುವಾಗ ಬ್ರೆಡ್ಡು ಒಯ್ಯುವುದು ಅದರ ಮರ್ಯಾದೆ. ಆಗ ಬ್ರೆಡ್ಡು ತಿನ್ನಲು ಬೇನೆಯೇ ಬರಬೇಕಿತ್ತು. ಗಟ್ಟಿಮುಟ್ಟಾದವರು ತಿಂದರೆ ನೋಡಿದವರು ಗಾಬರಿಯಾಗಿ ಏನಾಯಿತೆಂದು ಕೇಳುತ್ತಿದ್ದರು. ಹಾಸಿಗೆ ಹಿಡಿದು ತಿಂಗಳಾದ ನನಗೆ ಅದುವರೆಗೆ ಒಂದು ಚೂರು ಬ್ರೆಡ್ಡೂ ಬಂದಿರಲಿಲ್ಲ. ಕಾಲು ಮುರಿದ ಸುದ್ದಿ ಹಬ್ಬಿದ ಸಂಜೆಯಿಂದಲೇ ಬರತೊಡಗಿತು. ಬ್ರೆಡ್ಡು, ಬಿಸ್ಕೀಟು, ಮೋಸಂಬಿ, ಒಬ್ಬರಂತೂ ಸವಣೂರಿನ ಖಾರದ ಪೊಟ್ಟಣ. ಮಗಳು ಆ ಮಳೆಗಾಲ ಪೂರ್ತಿ ಬ್ರೆಡ್ಡಿನ ಮೇಲೆಯೇ ಬೆಳೆದಳು. ಅವಳಿಗೆ ನನ್ನ ಮುರಿದ ಕಾಲಿನ ಮೇಲೆ ಬಹಳ ಪ್ರೀತಿ. ಬಾಗಿಲಲ್ಲಿ ಚಪ್ಪಲಿ ಸಪ್ಪಳ ಕೇಳಿದರೆ ದಬ್ಬೆಯ ಮೇಲೆ ಕೈ ಬಡಿಯುತ್ತಿದ್ದಳು.

"ಧೈರ್ಯಾ ತಗೋ" ಎಂದು ಹೊಸ್ತಿಲಲ್ಲೇ ನಿಂತು ಹೋದವರು ಈಗ ಒಳಗೆ ಬಂದು ಮಗ್ಗುಲಲ್ಲಿ ಕೂತರು. ನನ್ನ ತಲೆ ಬಾಚಿದರು. ಮೂರು ವಾರದ ಜಡೆಗಂಟನ್ನು ಒಬ್ಬಾಕೆ ತಾಳ್ಮೆಯಿಂದ ಬಿಡಿಸಿದಳು. ನಮ್ಮ ಪಾಲಿನ ಕಳೆಯನ್ನು ಓಣಿಯ ಹೆಂಗಸರೇ ಮುಯ್ಯಾಳಾಗಿ ಹೋಗಿ ತೆಗೆದುಬಂದರು. ನಾನು ಸುಮ್ಮನೆ ಅತ್ತರೆ, "ನೋವು ಭಾಳ ಇರತೈತಿ, ಅಳ್ಲಿ ಬಿಡು" ಎನ್ನುತ್ತಿದ್ದರು. ಹಿಂದಿನ ವಾರ ಅದೇ ಕಣ್ಣೀರಿಗೆ "ಏನ್ ಕಮ್ಮಿ ಆಗೇತಿ ನಿನಗ?" ಎಂದು ಬೈಸಿಕೊಂಡಿದ್ದೆ. ನನಗೆ ಬೇಕಾದದ್ದೆಲ್ಲ ಆ ಊರಿನಲ್ಲೇ ಇತ್ತು, ಧಾರಾಳವಾಗಿಯೇ ಇತ್ತು. ಕೊಡಲು ಅವರಿಗೊಂದು ಮುರಿದ ಎಲುಬು ಬೇಕಿತ್ತು, ಅಷ್ಟೆ.

ಬಟ್ಟೆ ಒಗೆಯುವ ಆ ಒಗ್ಯಾಣದ ಕಲ್ಲಿಗೆ ಮಾತ್ರ ಅನ್ಯಾಯವಾಯಿತು. ಹಿರಿಯರೊಬ್ಬರು ಬಂದು ಅದನ್ನು ಸುತ್ತು ಹಾಕಿ ನೋಡಿ, ಮೊದಲಿಂದಲೂ ಅದು ವಾಲಿಕೊಂಡೇ ಇದೆ, ನಾನು ಅಂದೇ ಹೇಳಿದ್ದೆ ಎಂದರು. ಇನ್ನೊಬ್ಬರು ಉಳಿ ತಂದು ಅದರ ಮೈಗೆ ಕಚ್ಚು ಹಾಕಿಕೊಟ್ಟರು, ಇನ್ನು ಮುಂದೆ ಯಾರೂ ಜಾರದಿರಲೆಂದು. ಆ ಕಚ್ಚಿಗೆ ಸಿಕ್ಕು ನಮ್ಮ ಎಷ್ಟೋ ಸೀರೆಗಳು ಹರಿದವು.

ನಮ್ಮ ಮನೆಯವರು ಸುಳ್ಳು ಹೇಳಿ ರೂಢಿಯಿಲ್ಲದವರು. ತಾಯಿ ಹೇಳಿಕೊಟ್ಟಷ್ಟನ್ನು ಬಾಯಿಪಾಠ ಮಾಡಿಕೊಂಡು ಹೋಗಿ ಗಿರಣಿಯಲ್ಲಿ ಎಲ್ಲರಿಗೂ ಬಲಗಾಲು ಎಂದು ಹೇಳಿದ್ದರು. ಆಮೇಲೆ ಕೇಳಿದರೆ, "ನಾ ಎದುರಿಗೆ ನಿಂತು ನೋಡಿದಾಗ ಅದು ಬಲಕ್ಕ ಇತ್ತಲ್ಲ" ಎಂದರು. ಗಿರಣಿಯಿಂದ ಮಾತಾಡಿಸಲು ಬಂದವರು ನನ್ನ ಎಡಗಾಲನ್ನೂ ಅವರ ಮುಖವನ್ನೂ ಒಂದಾದ ಮೇಲೊಂದು ನೋಡಿ, ಹೆಂಡತಿಯ ಚಿಂತೆಯಲ್ಲಿ ಮನುಷ್ಯನಿಗೆ ದಿಕ್ಕೇ ತಪ್ಪಿದೆ ಎಂದು ಮರುಕಪಟ್ಟು, ಅವರಿಗೂ ಒಂದು ಬ್ರೆಡ್ಡು ಕೊಟ್ಟು ಹೋದರು.

ತವರಿನಿಂದ ಅವ್ವ ಬಂದಳು, ಮಾಸೂರಿನಿಂದ ಎರಡು ಬಸ್ಸು ಬದಲಿಸಿ, ತಲೆಯ ಮೇಲೆ ಕಟಕ್ ರೊಟ್ಟಿಯ ಗಂಟು. ಕಟ್ಟಿದ ಕಾಲನ್ನು ತೊಡೆಯ ಮೇಲಿಟ್ಟುಕೊಂಡು ಬಹಳ ಅತ್ತಳು. ನಾನೂ ಅತ್ತುಬಿಟ್ಟೆ. ಅವಳಿಗೆ ನಿಜವನ್ನು ಅತ್ತೆಯೂ ಹೇಳಲಿಲ್ಲ, ನಾನೂ ಹೇಳಲಿಲ್ಲ. ಹೋಗುವಾಗ ಅವಳು ನಮ್ಮ ಅತ್ತೆಯ ಕೈ ಹಿಡಿದು, "ನನ್ನ ಮಗಳ ಕಾಲು ನಿಮ್ಮ ಕೈಯಾಗೈತ್ರಿ" ಎಂದಳು. ಅತ್ತೆ ತಲೆ ತಗ್ಗಿಸಿದರು.

ಅತ್ತೆಯ ಕಟ್ಟು ಅಂದರೆ ಕಟ್ಟು. ಗಂಟುಗಳನ್ನು ನನ್ನ ಕೈಗೆಟುಕದ ಕಡೆ, ಹಿಂದೆ ಮೊಣಕಾಲಿನ ಸಂದಿಯಲ್ಲಿ ಹಾಕುತ್ತಿದ್ದರು. ಗದ್ದೆಗೆ ಹೋಗುವ ದಿನ ಇನ್ನಷ್ಟು ಬಿಗಿ. ಸಂಜೆ ಬಂದು ಸಡಿಲಿಸಿ, ಎಣ್ಣೆ ಹಚ್ಚಿ ತಿಕ್ಕಿ, ನನ್ನ ಮಗ್ಗುಲಲ್ಲೇ ಚಾಪೆ ಹಾಸಿ ಕಾಲ ಮೇಲೆ ಕೈಯಿಟ್ಟು ಮಲಗುತ್ತಿದ್ದರು. ನಾನು ಹೊರಳಿದರೆ ಕೇಳುತ್ತಿದ್ದರು, "ಎಲ್ಲಿಗೆ?" ನನಗೆ ಸಿಟ್ಟು ಬರುತ್ತಿತ್ತು. ಯಾರೂ ನೋಡದ ಹೊತ್ತಿನಲ್ಲೂ ಈ ನಾಟಕ ಯಾಕೆ ಎಂದು ಒಮ್ಮೆ ಕೇಳಿದೆ. "ಗ್ವಾಡಿಗೂ ಕಣ್ಣ ಇರತಾವು" ಎಂದು ಬಾಯಿ ಮುಚ್ಚಿಸಿದರು. ಮರ್ಯಾದೆಗೆ ಇಷ್ಟು ಅಂಜುವವರು ಜಗತ್ತಿನಲ್ಲಿ ಇನ್ನೊಬ್ಬರಿಲ್ಲ ಎಂದುಕೊಂಡೆ.

ದಸರೆಯ ಹೊತ್ತಿಗೆ ಬಿಸಿಲು ಬಂತು. ಗಾಜಿನ ಹಂಚನ್ನು ತಿಕ್ಕಿ ತೊಳೆದರು. ನನಗೂ ಒಳಗೆ ಏನೋ ತಿಕ್ಕಿ ತೊಳೆದಂತಾಗಿ, ಒಂದು ದಿನ ಹಸಿವಾಯಿತು. ಅತ್ತೆ ಕಟ್ಟು ಬಿಚ್ಚಿದರು. ಮುರಿದ ಕಾಲು ಇಷ್ಟು ನೆಟ್ಟಗೆ, ಒಂದು ಚೂರೂ ಕುಂಟದೆ ಕೂಡಿಕೊಂಡದ್ದನ್ನು ಊರು ಕಂಡದ್ದೇ ಇಲ್ಲ. ನಮ್ಮ ಅತ್ತೆಯ ಹೆಸರು ಆಡೂರಿನವರೆಗೂ ಹೋಯಿತು. ಕೈ ಮುರಿದವರು, ಬೆನ್ನು ಉಳುಕಿದವರು ಬಂಡಿ ಕಟ್ಟಿಕೊಂಡು ಬಂದು ಅಂಗಳದಲ್ಲಿ ನಿಂತರು. ಅತ್ತೆ ಒಳಗಿನಿಂದಲೇ, "ನನಗ ದೇವರ ಅಪ್ಪಣಿ ಇರೂದು ಸೊಸ್ತೇರಿಗೆ ಮತ್ತ ಕರಗೋಳಿಗೆ ಅಷ್ಟರೀ" ಎಂದು ಕೂಗಿ ಹೇಳಿದರು. ಹಾಗೆ ಹೇಳಿದ್ದರಿಂದ ಹೆಸರು ಇನ್ನೂ ಹೆಚ್ಚಾಯಿತು, ಆಮೇಲೆ ಕರುಗಳು ಬರತೊಡಗಿದವು.

ಮುಂದಿನ ವರ್ಷ ಆರಿದ್ರ ಮಳೆಯೂ ಬಂತು, ಅದರ ಹಿಂದೆಯೇ ಅದೂ ಬಂತು. ಹೋದ ವರ್ಷದ ಹಾಸಿಗೆಯಲ್ಲಿ ಹೋದ ವರ್ಷದ ಹಾಗೆಯೇ ಮಲಗಿದೆ. ಅತ್ತೆ ಹೆಚ್ಚು ದಿನ ಕಾಯಲಿಲ್ಲ. ದಬ್ಬೆ ಇಳಿಸಿದರು. ಈ ಸಲ ಯಾವ ಕಾಲು ಎಂದು ನಾನು ಕೇಳಿದ್ದಕ್ಕೆ, ಅಳತೆಗೆ ಕಡಿದ ದಬ್ಬೆ ಇರುವುದು ಎಡಕ್ಕೇ ಎಂದರು.

ಊರು ಈ ಸಲ ಅಷ್ಟು ಉದಾರವಾಗಿರಲಿಲ್ಲ. "ಮತ್ತ ಅದ ಕಾಲೇನ?" ಎಂದು ಕೇಳುತ್ತಿದ್ದರು. ಮಗ್ಗುಲ ಮನೆಯ ದೊಡ್ಡವ್ವ ಎಲ್ಲರಿಗಿಂತ ಚುರುಕು. ಬಂದು ಕೂತು, ಕಚ್ಚು ಹಾಕಿದ ಕಲ್ಲಿನ ಮೇಲೆ ಜಾರಲು ಹೇಗೆ ಬರುತ್ತದೆ ಎಂದು ವಿಚಾರಣೆ ನಡೆಸಿದರು. ಅತ್ತೆ ಬಾವಿಕಟ್ಟೆಯ ಪಾಚಿಯನ್ನು ಸಾಕ್ಷಿಗೆ ಕರೆದರು. ಬ್ರೆಡ್ಡು ಬಂತು, ಆದರೆ ಚಿಕ್ಕ ಪೊಟ್ಟಣ.

ಶಿಗ್ಗಾವಿಯಿಂದ ನಾದಿನಿ ಬಂದಳು. ನಮ್ಮ ಮನೆಯವರ ತಂಗಿ, ಅಲ್ಲಿನ ಗಂಡನ ಮನೆಯ ಪಕ್ಕದಲ್ಲೇ ಸರ್ಕಾರಿ ದವಾಖಾನೆ ಇದ್ದದ್ದರಿಂದ ಔಷಧದ ವಿಷಯದಲ್ಲಿ ಅವಳಿಗೆ ತಕ್ಕಮಟ್ಟಿನ ಜಂಬ. ಅಣ್ಣ ಹೇಳಿದ್ದನ್ನು ನಂಬಿಕೊಂಡು ಬಂದವಳು ಚಾದರದ ಕೆಳಗೆ ಕೈ ಹಾಕಿ ನನ್ನ ಬಲಗಾಲನ್ನು ಹಿಡಿದು ಮೆಲ್ಲಗೆ ನೀವಿ, "ಭಾಳ ನೋಯ್ತೈತೇನ ವೈನೀ?" ಎಂದಳು. ಹೌದು ಎಂದೆ. ಚಾದರ ಸರಿಸಿದರೆ ಕಟ್ಟು ಎಡಗಾಲಿಗೆ. ಅವಳು ಕಟ್ಟನ್ನು ಬಿಟ್ಟು ನನ್ನ ಮುಖವನ್ನೇ ನೋಡಿದಳು. ಅತ್ತೆಯನ್ನು ಅಡುಗೆಕೋಣೆಗೆ ಕರೆದುಕೊಂಡು ಹೋದಳು.

"ಅವ್ವಾ, ಇದು ಕಾಲಿನ ಜಡ್ಡಲ್ಲ. ನಮ್ಮ ದವಾಖಾನಿ ಡಾಕ್ಟರ್ ಇಂಥಾವ್ರನ್ನ ಧಾರವಾಡಕ್ಕ ಕಳಸ್ತಾರ. ಗುಳಿಗಿ ಕೊಡ್ತಾರಂತ, ಆರಾಮ ಆಗತೈತಂತ."

ನಮ್ಮ ಸುತ್ತಿನ ತಾಲ್ಲೂಕುಗಳಲ್ಲೆಲ್ಲ ಧಾರವಾಡಕ್ಕೆ ಓದಲು ಹೋಗಬಹುದು, ಕೋರ್ಟಿಗೆ ಹೋಗಬಹುದು, ಪೇಢೆ ತರಲು ಹೋಗಬಹುದು. ಆದರೆ ಒಬ್ಬರು ಇನ್ನೊಬ್ಬರಿಗೆ "ನಿನ್ನ ಧಾರವಾಡಕ್ಕ ಕಳಸಬೇಕು" ಎಂದರೆ ಅದು ಬೈಗುಳ, ಹುಚ್ಚರ ದವಾಖಾನೆ ಇರುವುದು ಅಲ್ಲಿ. ಅತ್ತೆ ಲಟ್ಟಣಿಗೆ ನೆಲಕ್ಕೆ ಕುಕ್ಕಿದ ಸಪ್ಪಳ ನನಗೆ ಕೇಳಿಸಿತು. "ನನ್ನ ಸೊಸಿ ಹುಚ್ಚಿ ಅಲ್ಲ! ಹಂಗಂದ್ರ ನಾಳೆ ಈ ಕೂಸಿನ್ನ ಯಾರ ಮಾಡಿಕೊಂತಾರ?" ಎಂದರು. ನಡೆಯಲು ಕಲಿತು ವರ್ಷವೂ ತುಂಬದ ನನ್ನ ಮಗಳ ಮದುವೆಯ ಚಿಂತೆಯಲ್ಲಿ ತಾಯಿ ಮಗಳು ಮಾತು ಬಿಟ್ಟರು. ನಾದಿನಿ ಮರುದಿನದ ಬಸ್ಸಿಗೆ ಶಿಗ್ಗಾವಿಗೆ ಹೊರಟುಹೋದಳು. ಸೊಸೆಯ ಕಾಲು ವರ್ಷಕ್ಕೊಮ್ಮೆ ಮುರಿಯಬಹುದು, ಧಾರವಾಡದ ಬಸ್ಸು ಹತ್ತಬಾರದು: ಇದು ನಮ್ಮ ಮನೆಯ ಕಾನೂನಾಯಿತು.

ಅದೇ ವಾರ ಒಂದು ಮಧ್ಯಾಹ್ನ ಎಲ್ಲರೂ ಗದ್ದೆಗೆ ಹೋಗಿದ್ದರು. ಮಗಳನ್ನು ದೊಡ್ಡವ್ವ ಎತ್ತಿಕೊಂಡು ಹೋಗಿದ್ದರು. ನಾನು ಹಾಸಿಗೆಯಿಂದ ಇಳಿದೆ. ಕೂತಲ್ಲಿಂದಲೇ ಕೈಯೂರಿ, ಕಟ್ಟಿದ ಕಾಲನ್ನು ಎಳೆದುಕೊಳ್ಳುತ್ತಾ ಹಿತ್ತಲ ಬಾಗಿಲು ದಾಟಿದೆ. ಯಾಕೆ ಹೊರಟೆ ಎಂದು ನನಗೆ ಗೊತ್ತಿತ್ತು. ಅದರಲ್ಲಿ ದುಃಖ ಸಹ ಇರಲಿಲ್ಲ, ಬರೀ ದಣಿವು. ಒಗ್ಯಾಣದ ಕಲ್ಲಿನವರೆಗೆ ಬಂದೆ. ಅಲ್ಲಿಂದ ಬಾವಿಕಟ್ಟೆಗೆ ಎತ್ತರದ ಮೆಟ್ಟಿಲು. ದಬ್ಬೆ ಕಟ್ಟಿದ ಕಾಲು ಮಡಚದು, ಮೆಟ್ಟಿಲು ಹತ್ತದು. ಗಂಟಿಗೆ ಕೈ ಎಟುಕದು. ಮತ್ತೆ ಮತ್ತೆ ಪ್ರಯತ್ನಿಸಿ, ಆಗದೆ, ನನ್ನ ಕಾಲು ಮುರಿದಿತ್ತೆಂಬ ಅಪವಾದ ಹೊತ್ತ ಆ ಕಲ್ಲಿನ ಮೇಲೆಯೇ ಮಳೆಯಲ್ಲಿ ಕೂತುಬಿಟ್ಟೆ.

ಅತ್ತೆ ಯಾಕೋ ಬೇಗ ಮನೆಗೆ ಬಂದಿದ್ದರು. ಕಂಬಳಿ ಕೊಪ್ಪೆ ಹಾಕಿಕೊಂಡಿದ್ದವರು ಹಿತ್ತಲ ಬಾಗಿಲಲ್ಲಿ ನಿಂತು ನನ್ನನ್ನು ನೋಡಿದರು, ಬಾವಿಯನ್ನು ನೋಡಿದರು. ಕೂಗಲಿಲ್ಲ. ಬಂದು ಕಲ್ಲಿನ ಮೇಲೆ ಪಕ್ಕದಲ್ಲಿ ಕೂತು ಅರ್ಧ ಕೊಪ್ಪೆ ನನ್ನ ತಲೆಯ ಮೇಲೆ ಎಳೆದರು.  ಕೊನೆಗೆ, "ನಾಳೆ ಧಾರವಾಡಕ್ಕ ಹೋಗೂಣು" ಎಂದರು.

"ಮಂದಿ?" ಎಂದೆ.

"ಕಾಲಿನ ಫೋಟೋ ತಗಸಾಕ ಹೊಂಟೇವಿ ಅಂತ ಹೇಳಿದ್ರಾತು."

ಕಾಲಿನ ಕಟ್ಟು ಮರುದಿನ ಬಹಳ ಉಪಕಾರ ಮಾಡಿತು. ಬಸ್ಸಿನಲ್ಲಿ ಎದ್ದು ಜಾಗ ಕೊಟ್ಟರು, ಕಂಡಕ್ಟರ್ ಕೈ ಹಿಡಿದು ಹತ್ತಿಸಿದ, ಶಿಗ್ಗಾವಿಯಲ್ಲಿ ಬಸ್ಸು ನಿಂತಾಗ ಯಾರೋ ಚಹಾ ತಂದುಕೊಟ್ಟರು. ಹಿಂದಿನ ಸಂಜೆಯೇ ಅಣ್ಣ ಸುದ್ದಿ ಮುಟ್ಟಿಸಿದ್ದರಿಂದ ಅಲ್ಲಿ ನಾದಿನಿಯೂ ಹತ್ತಿದಳು. ತಾಯಿಗೆ ಒಂದು ಮಾತೂ ಆಡದೆ ನನ್ನ ಕಟ್ಟಿದ ಕಾಲನ್ನು ತನ್ನ ತೊಡೆಯ ಮೇಲಿಟ್ಟುಕೊಂಡು ಕೂತಳು. ಈ ಸಲ ಸರಿಯಾದ ಕಾಲು.

ಧಾರವಾಡದ ದವಾಖಾನೆಯಲ್ಲಿ ಡಾಕ್ಟರು ಮೊದಲು ನೋಡಿದ್ದು ಕಟ್ಟನ್ನೇ. ನೀವು ಬೇರೆ ಕಡೆ ಹೋಗಬೇಕಿತ್ತು, ಎಲುಬಿನ ಡಾಕ್ಟರು ಇಲ್ಲಿಲ್ಲ ಎಂದರು. ಅತ್ತೆ ಸೆರಗು ಸರಿಮಾಡಿಕೊಂಡು, "ಕಾಲಿಗೆ ಏನೂ ಆಗಿಲ್ರೀ. ಅದನ್ನ ನಾನ ಕಟ್ಟೇನಿ" ಎಂದರು.

"ಯಾಕೆ?"

"ಕಟ್ಟಬೇಕಾಗಿತ್ರಿ, ಕಟ್ಟಿದೆ."

ಡಾಕ್ಟರು ಅದನ್ನು ಅಲ್ಲಿಗೇ ಬಿಟ್ಟು ನನ್ನ ಕಡೆ ತಿರುಗಿದರು. ನಿದ್ದೆ ಬರುತ್ತದೆಯೇ, ಊಟ ರುಚಿಸುತ್ತದೆಯೇ, ದಿನದ ಯಾವ ಹೊತ್ತು ಹೆಚ್ಚು ಭಾರ ಅನ್ನಿಸುತ್ತದೆ, ಸಾಯಬೇಕು ಅನ್ನಿಸಿದೆಯೇ. ಇಷ್ಟು ಜನ ಮಾತಾಡಿಸಲು ಬಂದಿದ್ದರಲ್ಲ, ಅವರಲ್ಲಿ ಒಬ್ಬರೂ ಕೇಳದ ಪ್ರಶ್ನೆಗಳು. ಕೊನೆಯದಕ್ಕೆ ಹೌದು ಎಂದಾಗ ನನಗೇ ನನ್ನ ದನಿ ಹೊಸದಾಗಿ ಕೇಳಿತು. ಅತ್ತೆ ಕಿಟಕಿಯ ಆಚೆ ನೋಡುತ್ತಿದ್ದರು.

ಇದಕ್ಕೆ ಖಿನ್ನತೆ ಅನ್ನುತ್ತಾರೆ, ಇದೂ ಒಂದು ಕಾಯಿಲೆ, ಮೈಗಳ್ಳತನವಲ್ಲ ಎಂದರು ಡಾಕ್ಟರು. ಕೆಲವರಿಗೆ ಬಿಸಿಲಿಲ್ಲದ ತಿಂಗಳುಗಳಲ್ಲಿ ಬರುತ್ತದೆ, ಹಾಗಾಗಿ ಮುಂದಿನ ವರ್ಷ ಮಳೆಗೆ ಮೊದಲೇ ಬಂದು ತೋರಿಸಿ. ಗುಳಿಗೆ ನಡುವೆ ಬಿಡಬೇಡಿ. ಸದ್ಯಕ್ಕೆ ಒಬ್ಬರನ್ನೇ ಬಿಡಬೇಡಿ. ದಿನಾಲೂ ಬೆಳಿಗ್ಗೆ ಬಯಲಿನ ಬೆಳಕಿನಲ್ಲಿ ನಡೆಯಲಿ.

"ನಡೀಬೇಕೇನ್ರಿ?" ಎಂದರು ಅತ್ತೆ. ಅವರ ಮುಖ ನೋಡುವಂತಿತ್ತು. ಎರಡು ಮಳೆಗಾಲ ಅವರು ಮಾಡಿದ ಸೇವೆಯೆಲ್ಲ ಔಷಧಕ್ಕೆ ಸರಿಯಾಗಿ ಉಲ್ಟಾ ಆಗಿತ್ತು. ಹೊರಗಿನ ಬೆಂಚಿನ ಮೇಲೆ ನನ್ನನ್ನು ಕೂರಿಸಿ, ಎಲ್ಲರ ಎದುರಿಗೇ, ಗಂಟುಗಳನ್ನು ಹಲ್ಲಿನಿಂದ ಎಳೆದು ಬಿಚ್ಚಿದರು. ದಬ್ಬೆಗಳನ್ನು ಮಾತ್ರ ಬಿಸಾಡಲಿಲ್ಲ, ಚೀಲಕ್ಕೆ ಹಾಕಿಕೊಂಡರು.

ಸಂಜೆ ನಾನು ಬಸ್ಸಿಳಿದು ಎರಡೂ ಕಾಲಿನ ಮೇಲೆ ನಡೆದುಕೊಂಡು ಬಂದದ್ದನ್ನು ಊರೆಲ್ಲ ನೋಡಿತು. ಬೆಳಿಗ್ಗೆ ಕುಂಟುತ್ತಾ ಹೋದವಳು ಫೋಟೋ ತೆಗೆಸಿಕೊಂಡು ನಡೆಯುತ್ತಾ ಬಂದಳು! ಮೊಣಕಾಲು ನೋವಿನ ಅಜ್ಜ ಒಬ್ಬರು ಮರುದಿನವೇ ಮನೆಗೆ ಬಂದು, ಅಂಥ ಫೋಟೋ ತೆಗೆಯುವ ಅಂಗಡಿ ಧಾರವಾಡದಲ್ಲಿ ಯಾವ ಓಣಿಯಲ್ಲಿದೆ ಎಂದು ಕೇಳಿದರು. ಅಂಥ ಅಂಗಡಿಯೇ ಇಲ್ಲವೆಂದು ಅವರನ್ನು ನಂಬಿಸಿ ವಾಪಸ್ಸು ಕಳಿಸುವಷ್ಟರಲ್ಲಿ ಅತ್ತೆಗೆ ಸಾಕುಸಾಕಾಯಿತು. ಅದಕ್ಕೋ ಏನೋ, ಒಬ್ಬಳನ್ನೇ ಬಿಡಬೇಡಿ ಎಂದ ಡಾಕ್ಟರರ ಮಾತಿಗೋ, ಅವರು ದೊಡ್ಡವ್ವನ ಮುಂದೆ ನಿಜ ಹೇಳಿಬಿಟ್ಟರು. ತಾವು ಗದ್ದೆಗೆ ಹೋದಾಗ ನನ್ನ ಜೊತೆ ಕೂರಲು ಯಾರಾದರೂ ಬೇಕಿತ್ತು.

ದೊಡ್ಡವ್ವನಿಗೆ ಹೇಳಿದ್ದು ಊರಿಗೆ ಹೇಳಿದಂತೆ. ಬ್ರೆಡ್ಡು ನಿಂತುಹೋಯಿತು. ಸುಳ್ಳು ಕಾಲಿಗೆ ಗೋಣಿಗಟ್ಟಲೆ ಬಂದದ್ದು, ನಿಜವಾದ ಕಾಯಿಲೆಗೆ ಒಂದು ಬಿಸ್ಕೀಟೂ ಬರಲಿಲ್ಲ. ಕೆಲವರು ನಂಬಲೇ ಇಲ್ಲ. ಧಾರವಾಡದ ಮಾತನ್ನು ಹೊಟ್ಟೆಕಿಚ್ಚಿನವರು ಹುಟ್ಟಿಸಿದ್ದು, ನಾವು ಕಣ್ಣಾರೆ ಕಂಡ ಕಾಲು ಸುಳ್ಳಾದೀತೇ ಎಂದರು. ಅವರೇ ಇವತ್ತಿಗೂ ಬಸ್ ನಿಲ್ದಾಣದಲ್ಲಿ ನನ್ನ ಕಾಲನ್ನು ವಿಚಾರಿಸುವವರು.

ಬೆಳಗಿನ ನಡಿಗೆಯೂ ಸಲೀಸಾಗಿರಲಿಲ್ಲ. ಹೆಂಗಸು ಕೈಬೀಸಿಕೊಂಡು ಸುಮ್ಮನೆ ನಡೆಯುವುದನ್ನು ನಮ್ಮ ಊರು ಕಂಡಿರಲಿಲ್ಲ. ಅತ್ತೆ ನನ್ನ ನಡುವಿಗೆ ಒಂದು ಕೊಡ ಕೊಟ್ಟರು. ಖಾಲಿ ಕೊಡ ಎದುರಿಗೆ ಬಂದರೆ ಅಪಶಕುನವೆಂದು ಎದುರಾದವರು ಬೈದದ್ದಕ್ಕೆ, ಅದರಲ್ಲಿ ನೀರು ತುಂಬಿಸಿದರು. ಹೀಗೆ ಮನೆಯ ಬಾವಿಯ ನೀರನ್ನು ಕೆರೆಯ ಏರಿಯ ಮೇಲೆ ಒಂದ್ಸಲ ತಿರುಗಾಡಿಸಿ ಮನೆಗೇ ವಾಪಸ್ಸು ತರುವುದು ನನ್ನ ಚಿಕಿತ್ಸೆಯಾಯಿತು. ಅತ್ತೆ ಪಕ್ಕದಲ್ಲಿ ಕೊಪ್ಪೆ ಹಾಕಿಕೊಂಡು ಬರುತ್ತಿದ್ದರು. ಗುಳಿಗೆಯೋ, ಬೆಳಕೋ, ಆ ಕೊಡವೋ, ಶ್ರಾವಣ ಮುಗಿಯುವ ಮೊದಲೇ ನನಗೆ ಒಮ್ಮೆ ನಗು ಬಂತು. ಮುಂದಿನ ವರ್ಷಗಳಲ್ಲಿ ಅದು ಬರಲೇ ಇಲ್ಲವೆಂದಲ್ಲ. ಬಂದಾಗ ನಮಗೆ ಅದರ ಹೆಸರು ಗೊತ್ತಿತ್ತು, ಬಸ್ಸೂ ಗೊತ್ತಿತ್ತು.

ಎಂಬತ್ತರ ದಶಕ ಶುರುವಾದ ಮೇಲೆ ಒಂದು ಮಳೆಗಾಲ ದೊಡ್ಡವ್ವ ಹಿತ್ತಲ ಬಾಗಿಲಿನಿಂದ ಒಳಗೆ ಬಂದರು. ಸೆರಗಿನ ಕೆಳಗೆ ಬ್ರೆಡ್ಡಿನ ಪೊಟ್ಟಣ. ಅದನ್ನು ನನ್ನ ಕೈಗೆ ಕೊಟ್ಟು, "ಅವತ್ತ ತರಬೇಕಾಗಿತ್ತು, ತರಲಿಲ್ಲ" ಎಂದರು. ಆಮೇಲೆ ಅತ್ತೆಯ ಕಡೆ ತಿರುಗಿ ದನಿ ಇಳಿಸಿದರು. "ಯಕ್ಕಾ, ಸವಣೂರಾಗ ನನ್ನ ತಂಗಿ ಸೊಸಿ ಮಲಗಿ ಎದ್ದಿಲ್ಲ. ಹೊಟ್ಟಿಬ್ಯಾನಿ ಅಂತ ಹೇಳ್ಯಾರ. ಒಂದು ಸರ್ತಿ ಬರ್ತಿಯೇನ?"

ಅದೇ ಬ್ರೆಡ್ಡನ್ನು ಚೀಲಕ್ಕೆ ಹಾಕಿಕೊಂಡು ನಾವು ಸವಣೂರಿಗೆ ಹೋದೆವು. ವೀಳ್ಯದೆಲೆ ತೋಟದವರ ಮನೆ. ಕತ್ತಲೆ ಕೋಣೆಯಲ್ಲಿ ಆ ಹುಡುಗಿ ಗೋಡೆಗೆ ಮುಖ ಮಾಡಿ ಮಲಗಿದ್ದಳು. ತಲೆಗೂದಲು ನೋಡಿದೆ, ಬಾಚಿ ವಾರಗಳಾಗಿತ್ತು. ಅವಳ ಅತ್ತೆ ಪಡಸಾಲೆಯಲ್ಲಿ ಎಲೆಗಳನ್ನು ಕಟ್ಟು ಕಟ್ಟುತ್ತಾ, ಹೊಟ್ಟೆಗೆ ಯಾವ ಯಾವ ಕಷಾಯ ಕೊಟ್ಟಾಯಿತೆಂದು ಹೇಳಿದಳು. ನಮ್ಮ ಅತ್ತೆ ಎಲ್ಲವನ್ನೂ ಕೇಳಿಸಿಕೊಂಡು, "ಹೊಟ್ಟಿಬ್ಯಾನಿ ಅಲ್ಲವಾ ಇದು" ಎಂದು ನಮ್ಮ ಕಥೆಯನ್ನೆಲ್ಲ ಹೇಳಿದರು. ದಬ್ಬೆ, ಕಲ್ಲು, ಬ್ರೆಡ್ಡು, ಫೋಟೋ. ನನಗೆ ಬಾಯಿಪಾಠವಾಗಿದ್ದ ಕಥೆ. ಎಲ್ಲೆಲ್ಲಿ ನಗು ಬರುತ್ತದೆಂದು ಗೊತ್ತಿತ್ತು.

ಆ ಹೆಂಗಸು ನಗಲಿಲ್ಲ. "ನೀವೂ ಮಂದಿಗೆ ಅಂಜಿ ಕಾಲು ಕಟ್ಟಿದ್ರಿ. ನಾವೂ ಮಂದಿಗೆ ಅಂಜಿ ಹೊಟ್ಟಿ ಅಂತ ಹೇಳಾಕತ್ತೇವಿ. ಎರಡೂ ಒಂದ ಅಲ್ಲೇನ್ರಿ?" ಎಂದಳು.

"ಮಂದಿಗೆ ಅಂಜಾಕಿ ಅಲ್ಲವಾ ನಾ" ಎಂದರು ಅತ್ತೆ. ನಾನು ಪಕ್ಕದಲ್ಲೇ ಇದ್ದೇನೆಂಬುದು ಅವರಿಗೆ ಮರೆತುಹೋಗಿತ್ತೇನೋ. "ಮಂದಿ ಕೂಡ ದಿನಾ ಜಗಳಾಡ್ತಿದ್ದೆ. ನಾ ಬಾವಿಗೆ ಅಂಜಿ ಕಟ್ಟಿದ್ದೆ. ನಾ ಗದ್ದಿಗೆ ಹೋದಾಗ ಈಕಿ ಎದ್ದು ಹೋಗಬಾರದಲ್ಲ. ಬ್ಯಾರೆ ಏನ್ ಮಾಡಬೇಕು ಅಂತ ನನಗ ಯಾರ್ ಹೇಳಿಕೊಟ್ಟಿದ್ರು?"

ಪಡಸಾಲೆಯಲ್ಲಿ ಎಲೆ ಕಟ್ಟುವ ಕೈ ನಿಂತಿತು. ಕೋಣೆಯಲ್ಲಿ ಗೋಡೆಗೆ ಮುಖ ಮಾಡಿದ್ದ ಹುಡುಗಿ ಈಚೆಗೆ ಹೊರಳಿದಳು. ನನಗೆ ಮೊಣಕಾಲಿನ ಹಿಂದಿನ ಆ ಗಂಟುಗಳು, ಗದ್ದೆಯ ದಿನದ ಬಿಗಿ, ಕಾಲ ಮೇಲಿನ ಕೈ, "ಎಲ್ಲಿಗೆ?" ಎಂಬ ದನಿ, ಎಲ್ಲ ಒಮ್ಮೆಲೇ ನೆನಪಾಗಿ ಕುಳಿತಲ್ಲೇ ಎಡಗಾಲು ಜುಮುಜುಮು ಎಂದಿತು.  ಅಳು ಬಂತು.

ಅತ್ತೆ ನನ್ನ ಕಡೆ ತಿರುಗಿ ನೋಡಿ, ಏನೂ ಆಗಿಲ್ಲವೆಂಬಂತೆ ಬ್ರೆಡ್ಡಿನ ಪೊಟ್ಟಣವನ್ನು ನನ್ನ ಕೈಗಿಟ್ಟರು. "ಒಳಗ ಹೋಗಿ ಆಕಿಗೆ ಕೊಡು, ಹಂಗ ತಲಿ ಬಾಚು" ಎಂದರು. ಆಮೇಲೆ ಆ ಮನೆಯವರ ಕಡೆ ತಿರುಗಿ, ಸವಣೂರಿನಿಂದ ಧಾರವಾಡಕ್ಕೆ ಮೊದಲ ಬಸ್ಸು ಎಷ್ಟು ಹೊತ್ತಿಗೆ ಎಂದು ಕೇಳಿದರು.